ಉಪ್ಪೆಂದು ಬರೆಸಿಕೊಂಡ ಹಡಗು

ನೊರೆಗಡಲ ರಾಜ್ಯದ ಬಂದರು ಅಧಿಕಾರಿಗಳು ಹಡಗಿನ ತಳ ನೋಡದೆ ಮೊಹರು ಒತ್ತಿದರು. ಅದು ತಪ್ಪು. ಬೇರೆ ಹೆಸರಿಲ್ಲ ಅದಕ್ಕೆ.

ಕಡಲಕಾಗೆಗಳು ಇನ್ನೂ ಮಾತಾಡುತ್ತಿದ್ದ ಕಾಲ. ಆ ರಾಜ್ಯದ ಕಟ್ಟಳೆ ಹೀಗಿತ್ತು: ಬಂದರು ಅಧಿಕಾರಿ ಯಾವ ಹಡಗನ್ನೂ ಹತ್ತಬಹುದು, ಯಾವ ಕಾಗದವನ್ನೂ ಕೇಳಬಹುದು, ಯಾವ ಬಾಗಿಲನ್ನೂ ತೆರೆಸಬಹುದು. ಆದರೆ ತಳದ ಕೋಣೆ ನೋಡುವ ತನಕ ಆ ಹಡಗಿನಲ್ಲಿ ಒಂದು ಹನಿಯನ್ನೂ ಕುಡಿಯಬಾರದು.

ಮಾಂತ್ರಿಕ ಕರಾಳಕೇತುವಿನ ಕರಿಹಡಗು ಬಂತು. ಹಿರಿಯ ಅಧಿಕಾರಿಗಳು ಮೇಲೆಯೇ ಕೂತು ಪಾನಕ ಕುಡಿದರು, 'ಸರಕು ಉಪ್ಪು' ಎಂಬ ಕಾಗದಕ್ಕೆ ಮೊಹರು ಒತ್ತಿ ಇಳಿದರು. ಅದೇ ವಾರ ಕರಾವಳಿಯಲ್ಲಿ ಅರವತ್ತು ಜನ ಕಾಣೆಯಾಗಿದ್ದರು. ಅವರಲ್ಲೊಬ್ಬ ಬೊಗ್ಗು, ಹೊಸ ಅಧಿಕಾರಿ ದುಗ್ಗಿಯ ತಮ್ಮ.

ಕಡಲಕಾಗೆಯೊಂದು ದುಗ್ಗಿಗೆ ಹೇಳಿತು: "ನಿನ್ನ ತಮ್ಮ ಆ ಹಡಗಲ್ಲಿ ಉಪ್ಪಾಗಿದ್ದಾನೆ. ಮಧ್ಯಾಹ್ನ ಕಡಲು ಉಬ್ಬುವ ಭರತಕ್ಕೆ ಹಡಗು ಹೊರಡುತ್ತದೆ. ಗಡಿ ದಾಟಿದರೆ ಅವನು ಎಂದೆಂದಿಗೂ ಉಪ್ಪೇ."

ದುಗ್ಗಿ ಹಡಗು ನಿಲ್ಲುವ ಧಕ್ಕೆಗೆ ಓಡಿದಳು. ಹಿರಿಯ ಅಧಿಕಾರಿ ನಕ್ಕ. "ಮೊಹರು ಬಿದ್ದಾಯ್ತಲ್ಲ ಮಾರಾಯ್ತಿ, ಇನ್ನೇನು ನೋಡ್ತೀಯ?"

"ನೀವು ನೋಡದ್ದನ್ನ."

ಹಡಗಿನ ಏಣಿ ಹೆಬ್ಬಾವಾಗಿ ತಲೆ ಎತ್ತಿತು. "ಯಾರ ಅಪ್ಪಣೆ?"

"ಕಟ್ಟಳೆಯ ಅಪ್ಪಣೆ. ಬೆನ್ನು ಕೊಡು."

ಹಾವು ಮತ್ತೆ ಏಣಿಯಾಯಿತು. ಹತ್ತಿದಳು.

ಕಾಗದ ಕೇಳಿದಳು. ಅಕ್ಷರಗಳು ಇರುವೆಗಳಂತೆ ಚದುರಿ ಓಡಿದವು. ಕರಾಳಕೇತು ಲೋಟ ಚಾಚಿದ. "ಬಿಸಿಲಲ್ಲಿ ಬಂದಿದ್ದೀರಿ ತಾಯಿ, ಪಾನಕ ಕುಡೀರಿ. ಅಷ್ಟರಲ್ಲಿ ಅವು ಸಾಲಾಗುತ್ತವೆ."

"ಓಡ್ತಿರೋದು ನಿಮ್ಮ ಅಕ್ಷರ. ಬಾಯಾರಿದ್ದರೆ ಅವಕ್ಕೇ ಕುಡಿಸಿ."

ದುಗ್ಗಿ ಕದಲಲಿಲ್ಲ. ಅಕ್ಷರಗಳು ದಣಿದು ಸಾಲಾಗಿ ನಿಂತವು: ಉಪ್ಪು, ಅರವತ್ತು ಮೂಟೆ.

ಅರವತ್ತು! ದುಗ್ಗಿ ತಳಕ್ಕೆ ಧುಮುಕಿದಳು. ಅಲ್ಲಿ ಬರೀ ಗೋಡೆ. ಗೋಡೆಯ ಮುಂದೆ ಆನೆಗಾತ್ರದ ಏಡಿ. "ಇಲ್ಲಿ ಬಾಗಿಲೇ ಇಲ್ಲ, ಹೋಗು," ಎಂದಿತು.

"ಬಾಗಿಲಿಲ್ಲದಿದ್ದರೆ ನೀನು ಏನನ್ನು ಕಾಯ್ತಿದ್ದೀಯೋ?"

ಏಡಿ ತನ್ನ ಹಿಂದೆ ತಿರುಗಿ ನೋಡಿತು. ಅಡ್ಡಡ್ಡ ಸರಿಯಿತು. ಹಿಂದೆ ಬಾಗಿಲಿತ್ತು.

ಒಳಗೆ ಅರವತ್ತು ಉಪ್ಪಿನ ಬೊಂಬೆಗಳು. ಒಂದಕ್ಕೆ ಬೊಗ್ಗುವಿನ ಹಾಗೆಯೇ ಹರಿದ ಕಿವಿ. ದುಗ್ಗಿ ತಪಾಸಣೆ ಪುಸ್ತಕ ತೆಗೆದು ಬರೆದಳು: 'ಉಪ್ಪಲ್ಲ. ಮನುಷ್ಯರು. ಹಡಗು ಹೊರಡಕೂಡದು.' ಮೊಹರು ಒತ್ತಿದಳು.

ಮಾಂತ್ರಿಕನ ಬಲವೆಲ್ಲ ಆ ಸುಳ್ಳು ಮೊಹರಿನಲ್ಲಿತ್ತು. ನಿಜದ ಮೊಹರು ಬಿದ್ದ ಕೂಡಲೇ ಮಾಯೆ ಮುರಿಯಿತು, ಬೊಂಬೆಗಳೆಲ್ಲ ಮತ್ತೆ ಮನುಷ್ಯರಾದವು. ಮೇಲೆ ನಿಂತಿದ್ದ ಕರಾಳಕೇತುವೇ ಉಪ್ಪಾಗಿ ಉದುರಿದ, ಭರತದ ಅಲೆ ಬಂದು ತೊಳೆದುಕೊಂಡು ಹೋಯಿತು.

"ಅಕ್ಕಾ, ಇಷ್ಟು ತಡವಾ?" ಎಂದ ಬೊಗ್ಗು.

"ಬಯ್ಯೋದು ಆಮೇಲೆ. ನಡಿ, ಅಮ್ಮ ಕಾಯ್ತಿದ್ದಾಳೆ."

ಅರವತ್ತು ಮನೆಗಳಲ್ಲಿ ಒಲೆ ಹೊತ್ತಿತು, ನಗು ಬಂತು. ಪಾನಕ ಕುಡಿದವರ ಮೊಹರು ಕಿತ್ತುಕೊಂಡು, ಹಡಗುಗಳ ತಳ ತೊಳೆಯಲು ಹಚ್ಚಿದರು.

ನಿಮ್ಮ ಊರಿಗೂ ಹಡಗು ಬರುತ್ತದೆ. ಮೊಹರು ಒತ್ತಿ ಇಳಿಯುವವನನ್ನು ಏಣಿಯ ಬುಡದಲ್ಲೇ ತಡೆಯಿರಿ. "ತಳಕ್ಕೆ ಇಳಿದೆಯಾ?" ಎಂದು ಕೇಳಿ. ಇಲ್ಲ ಎಂದರೆ ವಾಪಸ್ ಹತ್ತಿಸಿ.