ಬಿಚ್ಚದೇ ಹೇಳಿದ ರೋಗ

“ಹನ್ನೊಂದು ದಿನ ಲೇಟ್ ಆಗೈತಿ ನೋಡ್ರಿ,” ಎಂದು ಶೋರೂಮಿನವನು ಬಿಲ್ಲನ್ನು ಎರಡೇ ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟ. “ವಾರಂಟಿ ಮುಗದೈತಿ. ಮದರ್‌ಬೋರ್ಡ್ ಹೋಗೈತಿ. ಹೊಸಾದ ತಗೋರಿ.”

ಉಜ್ವಲಾಳ ಕಣ್ಣು ತುಂಬಿ ಬಂದವು. ನಾಳೆಯೇ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ‘ನಮ್ಮ ಕುರಿಗಳು’ ಎಂಬ ಅವಳ ಪ್ರಾಜೆಕ್ಟು, ತಿಂಗಳಿಡೀ ತೆಗೆದ ಫೋಟೋ, ಎಲ್ಲ ಆ ಲ್ಯಾಪ್‌ಟಾಪಿನೊಳಗೇ ಇದ್ದವು. ಆನ್ ಮಾಡಿ ಪ್ರಾಜೆಕ್ಟು ತೆರೆಯುವಷ್ಟರಲ್ಲಿ ಅದು ಕಾದ ಹಂಚಿನಂತಾಗಿ ಆಫ್ ಆಗುತ್ತಿತ್ತು.

ಜೊತೆಗೆ ಬಂದಿದ್ದ ಅಜ್ಜಿ ಸಾವಕ್ಕನ ಹೆಗಲ ಮೇಲೆ ಕರಿ ಕಂಬಳಿ, ಹಣೆ ತುಂಬ ಬೀರದೇವರ ಭಂಡಾರ ಎಂಬ ಹಳದಿ ಅರಿಸಿನ ಪುಡಿ. ಹೊಳೆಯುವ ನೆಲದ ಮೇಲೆ ಅವಳ ಚಪ್ಪಲಿಯ ಮಣ್ಣು. ಉಜ್ವಲಾ ಎರಡು ಹೆಜ್ಜೆ ದೂರ ಸರಿದು ನಿಂತಳು.

“ಬಿಚ್ಚಿ ನೋಡಿದ್ರ್ಯಾ?” ಅಜ್ಜಿ ಕೇಳಿದಳು.

“ಬಿಚ್ಚೂದ ಬ್ಯಾಡ್ರಿ. ಮ್ಯಾಲ ನೋಡಿದ್ರ ಗೊತ್ತಾಕ್ಕೈತಿ.”

“ಭಾಳ ಶ್ಯಾಣ್ಯಾ ಅದೀರಿ ಬಿಡ್ರಿ! ನಾ ನಲವತ್ತ ವರ್ಷ ಕುರಿ ಕಾಯ್ದೀನಿ. ಇನ್ನೂ ಬಾಯಿ ತಗದ ನೋಡದ ರೋಗ ಹೇಳಾಕ ಬರೂದಿಲ್ಲ. ಮಾರೂಮುಂದ ‘ಏನ ಆದ್ರೂ ನಾವ ಅದೀವಿ, ಆಯಿ’ ಅಂದಿದ್ರಿ. ಹನ್ನೊಂದ ದಿನದಾಗ ಎಲ್ಲಿ ಹ್ವಾದ್ರಿ?”

ಅವನು ಮೊಬೈಲ್ ನೋಡತೊಡಗಿದ. ಅಲ್ಲಿದ್ದ ಇಬ್ಬರು ಕಿಸಕ್ಕನೆ ನಕ್ಕರು.

“ಆಯಿ, ಸುಮ್ಮ ಬಾ ಬೇ!” ಉಜ್ವಲಾ ಸೆರಗು ಎಳೆದಳು. “ಲ್ಯಾಪ್‌ಟಾಪ್ ಅಂದ್ರ ನಿನಗೇನ ತಿಳೀತೈತಿ?”

ಅಜ್ಜಿ ಅವಳನ್ನು ನೇರ ಬಸ್ ಸ್ಟ್ಯಾಂಡಿನ ಹಿಂದಿದ್ದ ಕಾಕಾಸಾಹೇಬನ ಅಂಗಡಿಗೆ ಕರೆದೊಯ್ದಳು. ಅಲ್ಲಿ ಮಿಕ್ಸರ್, ಟಿವಿ, ಮೊಬೈಲ್ ರಾಶಿ ಬಿದ್ದಿದ್ದವು.

“ಮಿಕ್ಸರ್ ರಿಪೇರಿ ಮಾಡಾವ್ರ ಕಡೆ ಲ್ಯಾಪ್‌ಟಾಪಾ?” ಉಜ್ವಲಾ ಮೂಗು ಮುರಿದಳು.

ಕಾಕಾಸಾಹೇಬ ಲ್ಯಾಪ್‌ಟಾಪನ್ನು ಬೋರಲು ಹಾಕಿದ. ಒಂದೊಂದೇ ಸ್ಕ್ರೂ ತೆಗೆದು ತಳದ ಮುಚ್ಚಳ ಎತ್ತಿದ. “ಅರೆರೆ! ಇದೇನ ಲ್ಯಾಪ್‌ಟಾಪೋ, ಗುಡಿಯೋ?”

ಒಳಗಿನ ಪುಟ್ಟ ಫ್ಯಾನಿನ ಮೇಲೆಲ್ಲ ಹಳದಿ ಪುಡಿ.

“ಭಂಡಾರ!” ಉಜ್ವಲಾ ಕಿರುಚಿದಳು. “ಎಲ್ಲಾ ನಿಂದ, ಆಯಿ! ರವಿವಾರಕ್ಕೊಮ್ಮೆ ಲ್ಯಾಪ್‌ಟಾಪಿಗೆ ಹಚ್ಚಬ್ಯಾಡ ಅಂದ್ರ ಕೇಳಿದ್ಯಾ?”

ಅಜ್ಜಿಯ ಮುಖ ಸಣ್ಣದಾಯಿತು. “ದೇವ್ರ ಕಾಯ್ಲಿ ಅಂತ ಹಚ್ಚತಿದ್ನಿ. ತಪ್ಪಾತ.”

ಕಾಕಾಸಾಹೇಬ ಬ್ರಷ್ಷಿನಿಂದ ಪುಡಿ ಕೊಡವಿದ. ಫ್ಯಾನು ಆಗಲೂ ತಿರುಗಲಿಲ್ಲ. ಚಿಮಟದಿಂದ ಕೆದಕಿ, ಗಾಳಿ ಹೋಗುವ ಕಿಂಡಿಯಿಂದ ದಪ್ಪನೆಯ ಕಪ್ಪು ಉಂಡೆಯೊಂದನ್ನು ಎಳೆದು ಉಜ್ವಲಾಳ ಅಂಗೈಯಲ್ಲಿಟ್ಟ.

“ಗಾಳಿ ಕಟ್ಟಿದ್ದು ಇದ. ಪುಡಿ ಇದಕ್ಕ ಅಂಟಿ ಕುಂತೈತಿ. ಏನವ್ವಾ ಇದು?”

ಉಣ್ಣೆ. ದಿನಾ ಸಂಜೆ ಅಜ್ಜಿಯ ಕಂಬಳಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೋರಲು ಮಲಗಿ ಕಾರ್ಟೂನ್ ನೋಡುವವಳು ಉಜ್ವಲಾ. ಅವಳು ಅಂಗೈಯನ್ನು ಅರ್ಧ ಮಡಚಿದಳು.

ಅಜ್ಜಿ ಬಗ್ಗಿ ನೋಡಿದಳು. ತನ್ನ ಕುರಿಯ ಉಣ್ಣೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಮೊಮ್ಮಗಳ ಮುಖವನ್ನು ಒಮ್ಮೆ ನೋಡಿ ಹೇಳಿದಳು: “ಅದೂ ನಂದರಿ. ನನ್ನ ಕಂಬಳೀದು.”

ಕಾಕಾಸಾಹೇಬ ಬಟನ್ ಒತ್ತಿದೊಡನೆ ಫ್ಯಾನು ಗುಂಯ್ ಎಂದಿತು.

“ಮದರ್‌ಬೋರ್ಡ್ ಹೋಗೈತಂತ!” ಕಾಕಾಸಾಹೇಬ ನಕ್ಕ. “ಹೇಳಿದಾವ್ನ ತಲಿ ಒಮ್ಮಿ ಬಿಚ್ಚಿ ನೋಡಬೇಕು.”

ಪರದೆಯ ಮೇಲೆ ಪ್ರಾಜೆಕ್ಟಿನ ಮೊದಲ ಫೋಟೋ ಬಂತು. ಕುರಿಯ ಹಲ್ಲು ತೋರಿಸಲು ಉಜ್ವಲಾ ತೆಗೆದದ್ದು. ಆ ಬಾಯಿಯನ್ನು ಮೆಲ್ಲಗೆ ತೆರೆದು ಹಿಡಿದ ಅಜ್ಜಿಯ ಎರಡು ಒರಟು ಕೈಗಳು ಅದರಲ್ಲಿದ್ದದ್ದನ್ನು ಅವಳು ಈಗ ನೋಡಿದಳು.

ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪು ಮರದ ಮಣೆಯ ಮೇಲಿತ್ತು. ಕಂಬಳಿ ಮಡಚಿ ದೂರ ಇಟ್ಟಿತ್ತು. ಚಿಟಿಕೆ ಭಂಡಾರ ಹಿಡಿದು ಬಂದ ಅಜ್ಜಿ ಅಲ್ಲೇ ನಿಂತು, ಕೈ ಹಿಂದೆ ಎಳೆದುಕೊಂಡಳು.

ಉಜ್ವಲಾ ಎದ್ದು ಬಂದು ಅವಳ ಮುಂದೆ ಹಣೆ ಚಾಚಿದಳು.

“ನನಗ ಹಚ್ಚ ಬೇ, ಆಯಿ.”