ಒಂದೇ ಖಾನೆಯ ಎರಡು ಎಲುಬು

ಅಸ್ಥಿಗಳನ್ನೇ ಮಾಲೆಯಾಗಿ ಧರಿಸಿ, ಅಳಿದವರ ಗುರುತನ್ನೂ ಎದೆಯ ಮೇಲಿಟ್ಟು ಕಾಯುವ ಮೃತ್ಯುಂಜಯನಿಗೆ ವಂದಿಸಿ ಈ ಕಥೆಗೆ ತೊಡಗುತ್ತೇನೆ.

ಮುಂಬಯಿ ಚೆಂಬೂರಿನ ಪಳೆಯುಳಿಕೆ ಪ್ರಯೋಗಾಲಯಕ್ಕೆ ಸಂಶೋಧನೆಗೆಂದು ಬಂದ ಮೊದಲ ದಿನ ನಿಶ್ಮಿತಾ ಕೇಳಿದ ಮೂರು ಪ್ರಶ್ನೆಗಳಿಗೂ ಸಹಾಯಕ ಗುರುಪಾದ ಉತ್ತರಿಸಲಿಲ್ಲ. ಅಹಂಕಾರಿಯೆಂದು ಅವಳು ಮುಖ ತಿರುಗಿಸುವಷ್ಟರಲ್ಲಿ, ಅವನು ನಾಲಗೆಯಿಂದ ಒಂದು ಚೂರನ್ನು ಮೆಲ್ಲನೆ ಬಿಡಿಸಿದ.

“ತಪ್ಪು ತಿಳೀಬ್ಯಾಡ್ರಿ ಮೇಡಂ. ಡೈನೋಸಾರ್ ಎಲುಬು ನಾಲಿಗಿಗಿ ಅಂಟ್ಕೊಂತದ. ಕಲ್ಲಾದ್ರ ಜಾರತದ.”

“ಕೋಟಿಗಟ್ಟಲೆ ವರ್ಷದ್ದನ್ನು ನೆಕ್ಕುವುದಾ ಮಾರಾಯ್ರೆ? ಮೇಲೊಂದು ಚಾ ಆದ್ರೂ ಕುಡೀರಿ.”

“ಬ್ಯಾಡ್ರಿ. ಎಲುಬಿನ ರುಚಿ ಕೆಡತದ.”

ಮೊದಲು ಅವಳ ಕಣ್ಣು ನಕ್ಕಿತು, ಅನಂತರ ತುಟಿ. ಅವನು ದೃಷ್ಟಿಯನ್ನು ತಟ್ಟೆಗಿಳಿಸಿದ. ಕೆಂಪಾದ ಕಿವಿಗಳನ್ನು ಮರೆಸಲಾಗಲಿಲ್ಲ.

ಮೂರು ವರ್ಷ ಕಳೆದವು; ಆ ನಗು ಇಬ್ಬರಲ್ಲೂ ಪ್ರೀತಿಯಾಗಿ ಬೆಳೆದಿತ್ತು. ನರ್ಮದೆಯ ತಟದಿಂದ ತಂದ ಚೂರುಗಳಲ್ಲಿ ಎರಡನ್ನು ಗುರುಪಾದನೇ ಅಂಟಿಸಿ, ಒಂದು ತೊಡೆಯ ಎಲುಬನ್ನಾಗಿಸಿದ್ದ. ಅವಳ ಥೀಸಿಸ್ ಅದರ ಮೇಲೆಯೇ ನಿಂತಿತ್ತು. ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ಅವಳ ತಂದೆಯ ಮಾತೂ ಹಾಗೆಯೇ ನಿಂತಿತ್ತು: ಮಾಘದೊಳಗೆ ಥೀಸಿಸ್ ಮುಗಿದರೆ ಗುರುಪಾದನೊಡನೆ ಮದುವೆ, ತಪ್ಪಿದರೆ ಮುಲುಂಡಿನಲ್ಲಿ ತಾವು ನೋಡಿದ ವರ. ದೇವರ ದೀಪದ ಮುಂದೆ ಅವಳು ಒಪ್ಪಿದ್ದಳು.

ಪುಷ್ಯದ ಒಂದು ಮಧ್ಯಾಹ್ನ, ಆ ಪ್ರಾಣಿಯ ವಯಸ್ಸು ತಿಳಿಯಲೆಂದು ಅವನು ಎಲುಬಿನ ಎರಡೂ ತುಂಡುಗಳಿಂದ ತೆಳುಪದರ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ. ಒಂದರಲ್ಲಿ ಮರದ ಕಾಂಡದಂತೆ ವಯಸ್ಸಿನ ಉಂಗುರಗಳು ಒತ್ತೊತ್ತಾಗಿದ್ದವು. ಇನ್ನೊಂದರಲ್ಲಿ ಒಂದೂ ಇರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ಪದರಗಳನ್ನು ಅದಲುಬದಲಾಗಿಟ್ಟು ಮತ್ತೊಮ್ಮೆ ನೋಡಿ, ಅವಳನ್ನು ಕರೆದ.

“ಜೋಡಿಸಿದಾಂವ ನಾನರಿ, ತಪ್ಪು ನಂದು. ಒಂದು ಮುದಿ ಪ್ರಾಣೀದು, ಇನ್ನೊಂದು ಮರೀದು.”

ಅವಳು ನೋಡಿದಳು. ಮಸೂರ ತೇವವಾಯಿತು.

“ಇನ್ನು ಥೀಸಿಸ್ ಮೊದಲಿಂದ ಬರೀಬೇಕು. ನೀವು ಹೇಳದಿದ್ರೆ ಮಾಘದಲ್ಲಿ ನಮ್ಮ ಮದುವೆ ಆಗ್ತಿತ್ತಲ್ಲ.”

“ಆಗತಿತ್ತರಿ. ಆಮ್ಯಾಲ ಥೀಸಿಸ್ ಮ್ಯಾಲ ನಿಮ್ಮ ಹೆಸರು ಓದಿದಾಗೆಲ್ಲ ನಾ ತಲಿ ತಗ್ಗಸ್ತಿದ್ದೆ.”

“ನಾನು ನಿಮ್ಮನ್ನು ಮೆಚ್ಚಿದ್ದೂ ಈ ಬುದ್ಧಿಗೇ,” ಎಂದಳು, ಕಣ್ಣೊರೆಸಿಕೊಳ್ಳದೆ. “ಬಿಡಿಸಿ. ನಾನು ಹಿಡೀತೇನೆ.”

ಆ ಅಂಟು, ತಪ್ಪಾದರೆ ಕರಗಿಸಬಹುದಾದಂಥದು. ಅವನು ಕುಂಚದಿಂದ ಅಸಿಟೋನ್ ಹನಿಸುತ್ತ ಹೋದ. ಅವಳು ಅಂಗೈಗಳನ್ನು ಕೆಳಗೊಡ್ಡಿದಳು. ಸದ್ದಿಲ್ಲದೆ ಎಲುಬು ಎರಡಾಯಿತು.

ಎರಡು ಪೆಟ್ಟಿಗೆ, ಎರಡು ಚೀಟಿ. ‘ಗುರುತಿಸಿದವರು: ಗುರುಪಾದ’ ಎಂದು ಎರಡರಲ್ಲೂ ಬರೆದಳು.

“ಬ್ಯಾರೆ ಬ್ಯಾರೆ ಕಪಾಟಿಗೆ ಹೋಗಬೇಕ್ರಿ ಇವು.”

“ಬೇರೆ ಅಂತ ಬರ್ದಿದ್ದೇನೆ. ಇಡುವುದು ಮಾತ್ರ ಒಂದೇ ಖಾನೆಯಲ್ಲಿ.”

ಅವನು ಅಕ್ಕಪಕ್ಕದಲ್ಲಿಟ್ಟು ಖಾನೆ ಮುಚ್ಚಿದ. ಅದರ ಮೇಲೆ ಒಂದು ಗಳಿಗೆ ಕೈಯೂರಿ, ತಂದೆಗೆ ಕೊಟ್ಟ ಮಾತು ಉಳಿಸಲು ಅವಳು ಲೋಕಲ್ ರೈಲು ಹಿಡಿಯಹೊರಟಳು.

ಇದನ್ನು ಕೇಳಿದವರೆಲ್ಲರಿಗೂ ನಿಜವನ್ನಾಡುವ ಬಲವನ್ನು ಶಿವನು ಕೊಡಲಿ. ನಿಜವಾಡಿ ಅಗಲಿದವರಿಗೆ ಎಲ್ಲಾದರೂ ಅಕ್ಕಪಕ್ಕದ ನೆಲೆ ಸಿಗಲಿ.