ಹದಿನೇಳನೇ ನಂಬರಿನ ಸುದ್ದಿ

ಮೂರು ತಿಂಗಳಿಂದ ಅವನು ಅವಳ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ನೋಡುತ್ತಿದ್ದುದು ಅವಳ ಗ್ಲೌಸು, ಗೋಡೆಯ ಗಡಿಯಾರ, ಹೆಚ್ಚೆಂದರೆ ಅವಳ ಶೂ. ಅಷ್ಟಕ್ಕೇ ಅವಳು ಹೊಸ ಶೂ ಕೊಂಡಿದ್ದಳೆಂದರೆ ಹುಚ್ಚು ಎಷ್ಟಿತ್ತು ನೋಡಿ.

ಅವನು ಆಸ್ಪತ್ರೆಯ ಮೇಲಿನ ಮಹಡಿಯ ಎಳೆಗೂಸುಗಳ ವಾರ್ಡಿನ ನರ್ಸು. ದಿನ ತುಂಬುವ ಮೊದಲೇ ಹುಟ್ಟಿ, ವೆಂಟಿಲೇಟರಿನಲ್ಲಿ ಉಸಿರಾಡುವ ಕೂಸುಗಳ ಶ್ವಾಸನಾಳದಿಂದ ತೆಗೆದ ಎರಡು ಹನಿ ದ್ರವವನ್ನು ಐಸ್‌ಬಾಕ್ಸಿನಲ್ಲಿ ತರುತ್ತಿದ್ದ. ಕೆಳಗಿನ ಲ್ಯಾಬಿನಲ್ಲಿ ಅವಳು ಅದರಲ್ಲಿರುವ ಗ್ರೋತ್ ಫ್ಯಾಕ್ಟರ್ ಅಳೆಯುತ್ತಿದ್ದಳು. ಶ್ವಾಸಕೋಶದಲ್ಲಿ ಹೊಸ ರಕ್ತನಾಳ ಬೆಳೆಸುವ ವಸ್ತು ಅದು. ಅದು ಕಡಿಮೆಯಾದ ಕೂಸಿಗೇ ಶ್ವಾಸಕೋಶದ ಕಾಯಿಲೆ ತಿಂಗಳುಗಟ್ಟಲೆ ಅಂಟಿಕೊಳ್ಳುತ್ತದೆಯೇ ಎಂಬುದು ಅಧ್ಯಯನದ ಪ್ರಶ್ನೆ. ಟ್ಯೂಬಿನ ಮೇಲೆ ಬರೀ ನಂಬರು. ಯಾವ ಮಗು ಹೇಗಿದೆಯೆಂದು ಅವಳಿಗೆ ತಿಳಿಯಕೂಡದು; ತಿಳಿದರೆ ಅಳೆಯುವ ಕೈ ಪಕ್ಷಪಾತ ಮಾಡೀತು ಎಂಬ ಭಯ. ಕೈಯೇನೋ ನಿಯಮದಂತೆ ನಡೆಯಿತು, ಮನಸ್ಸೇ ಮಾತು ಕೇಳಲಿಲ್ಲ.

"ನಿನ್ನ ಐಸ್‌ಬಾಕ್ಸ್ ಇವತ್ತಾದ್ರೂ ಕರಗಿತಾ?" ಎಂದು ಮನೆಯಲ್ಲಿ ಅತ್ತಿಗೆ ಅವಳನ್ನು ದಿನಾ ಕಾಡುತ್ತಿದ್ದರು.

"ಬಿಡಿ ಅತ್ತಿಗೆ. ನನ್ನ ಕಂಡ್ರೆ ಆಗಲ್ಲ ಅವರಿಗೆ."

"ಆಗದೋರು ನಾಲ್ಕು ಮಹಡಿ ಇಳಿದು ತಾವೇ ತಂದು ಕೊಡ್ತಾರಾ? ಅಲ್ಲಿ ಅಟೆಂಡರ್ ಇಲ್ವಾ?"

ಅದೇ ಅವಳಿಗೆ ತಲೆಬುಡ ಅರ್ಥವಾಗದ್ದು.

ಹದಿನೇಳನೇ ನಂಬರಿನ ಅಳತೆ ವಾರದಿಂದ ವಾರಕ್ಕೆ ಇಳಿಯಿತು. ಆಮೇಲೆ ಟ್ಯೂಬೇ ಬರಲಿಲ್ಲ. ಮಗು ಚೇತರಿಸಿಕೊಂಡು ವೆಂಟಿಲೇಟರ್ ತೆಗೆದರೂ ಬರುವುದಿಲ್ಲ, ಮಗು ಹೋಗಿಬಿಟ್ಟರೂ ಬರುವುದಿಲ್ಲ. ಕಣ್ಣಿಂದ ಕಾಣದ ಕೂಸಿಗಾಗಿ ಅವಳಿಗೆ ಊಟ ಸೇರಲಿಲ್ಲ.

"ಹದಿನೇಳು... ಏನಾಯ್ತು?" ಎಂದು ಒಂದು ದಿನ ಅವನನ್ನು ಕೇಳಿಯೇಬಿಟ್ಟಳು.

ಅವನ ಕಿವಿ ಕೆಂಪಾಯಿತು. ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿ ಹೋದ. ಅವಳಿಗೆ ಅಳು ಬಂತು. ಮಗುವಿಗಾಗಿಯೋ ತನಗಾಗಿಯೋ ಗೊತ್ತಾಗಲಿಲ್ಲ. ಈ ಮನುಷ್ಯನ ಸಹವಾಸವೇ ಸಾಕು ಎಂದುಕೊಂಡು ಮರುದಿನ ಹಳೆಯ ಶೂ ಹಾಕಿಕೊಂಡು ಬಂದಳು.

ಕೊನೆಯ ಅಳತೆಯನ್ನೂ ಬರೆದು ಒಪ್ಪಿಸಿದ ದಿನ ನಿಯಮವೂ ಮುಗಿಯಿತು. ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಬಾಕ್ಸ್ ಇರಲಿಲ್ಲ. ನೇರ ಅವಳ ಕಣ್ಣನ್ನೇ ನೋಡಿದ. ಮೂರು ತಿಂಗಳು ಬಯಸಿದ್ದು ಎದುರಿಗೆ ನಿಂತಾಗ ಅವಳಿಗೆ ದಿಕ್ಕೇ ತೋಚಲಿಲ್ಲ.

"ಹದಿನೇಳು ನಿನ್ನೆ ಮನೆಗೆ ಹೋದ್ಲು. ಆಕ್ಸಿಜನ್ ಇನ್ನೂ ಬೇಕು, ಸಣ್ಣ ಸಿಲಿಂಡರ್ ಜೊತೆಗೇ ಕಳಿಸಿದ್ವಿ. ಅಳು ಮಾತ್ರ ಇಡೀ ವಾರ್ಡಿಗೆ ಕೇಳೋದು!"

"ಅವತ್ತೇ ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಹಾಗಿರಲಿಲ್ಲ. ನನ್ನ ಹೊಟ್ಟೇಲಿ ಏನೂ ನಿಲ್ಲಲ್ಲ, ಎಲ್ಲಾ ಮುಖಕ್ಕೆ ಬರುತ್ತೆ. ನಿಮ್ಮ ಕಡೆ ನೋಡಿದ್ರೆ ಯಾವ ಮಗು ಹೇಗಿದೆ ಅಂತ ಗೊತ್ತಾಗಿಬಿಡ್ತಿತ್ತು." ಅವನು ತಡವರಿಸಿದ. "ಇನ್ನೊಂದೂ ಗೊತ್ತಾಗ್ತಿತ್ತು."

"ಅದು... ಯಾವಾಗಿನಿಂದ?"

"ಎರಡನೇ ವಾರದಿಂದ. ಹೊಸ ಶೂ ಬರೋಕೆ ಮುಂಚೆ."

ಅವಳು ಗ್ಲೌಸು ಕಳಚಲು ಹೋದಳು, ಬೆರಳು ಸಿಕ್ಕಿಕೊಂಡವು. ಗಡಿಯಾರ ನೋಡಿದಳು, ನೆಲ ನೋಡಿದಳು.

"ಈಗ ನೀವ್ಯಾಕೆ ನೋಡ್ತಿಲ್ಲ?"

"ನನ್ನ ಹೊಟ್ಟೇಲೂ ಏನೂ ನಿಲ್ಲಲ್ಲ" ಎಂದಳು, ತನ್ನ ಹಳೆಯ ಶೂವನ್ನೇ ನೋಡುತ್ತಾ.